ಹವಾ ಎಚ್ಚರಿಕೆಯನ್ನು ಓದುವ ಬಗೆ

ಹವಾಮಾನ ಇಲಾಖೆಯವರು ಮಳೆ ಬರುವುದೆಂದರೆ ಕೊಡೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಬಹುದೆಂಬ ಹಾಸ್ಯ ನಮ್ಮಲ್ಲಿ ಬಹಳ ಹಳೆಯದು. ಜಿಲ್ಲೆಗೆ ಕೆಂಪು ಎಚ್ಚರಿಕೆ ಹೊರಟು, ಶಾಲೆ ಕಾಲೇಜುಗಳಿಗೆ ರಜೆ ಸಾರಿ, ಆ ದಿನ ಬಿಸಿಲು ಬಿದ್ದರಂತೂ ಈ ಹಾಸ್ಯಕ್ಕೆ ಹೊಸ ಜೀವ ಬರುತ್ತದೆ. ನಗುವುದರಿಂದ ಕೇಡೇನೂ ಇಲ್ಲ. ಆದರೆ ನಕ್ಕವರು ಮರುಸಲದ ಎಚ್ಚರಿಕೆಗೆ ಕಿವಿಗೊಡದೆ ಹೋದರೆ ಅದು ಪ್ರಾಣಕ್ಕೆ ಎರವಾದೀತು. ಎಚ್ಚರಿಕೆ ಹುಸಿಯಾಯಿತೆಂದು ತೀರ್ಮಾನಿಸುವ ಮೊದಲು ಅದು ಹೇಳಿದ್ದಾದರೂ ಏನೆಂಬುದನ್ನು ನಾವು ಅರಿತಿರಬೇಕಷ್ಟೆ?

1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಒಂದೊಂದು ಪದಕ್ಕೂ ಗೊತ್ತಾದ ಅಳತೆಯುಂಟು. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಮೇಲೆ ಬಿದ್ದುದು ‘ಭಾರೀ ಮಳೆ’, 115.6ರಿಂದ ಮೇಲಿನದು ‘ಅತಿ ಭಾರೀ ಮಳೆ’, 204.5ರಿಂದ ಮೇಲಿನದು ‘ಅತ್ಯಂತ ಭಾರೀ ಮಳೆ’. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಹಾಗಾದರೆ 100 ಚದರ ಮೀಟರಿನ ತಾರಸಿಯೊಂದರ ಮೇಲೆ ಅಂತಹ ದಿನ 20 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿದಂತಾಯಿತು. ಇನ್ನು ‘ಒಂದೆರಡು ಕಡೆ’ ಎಂಬ ಮಾತನ್ನು ನೋಡಿ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ನ್ನು ಮೀರದಷ್ಟು ಕಡೆ ಎಂದು ಅದರ ಅರ್ಥ. ನಾಲ್ಕು ಊರುಗಳಲ್ಲಿ ಮೂರು ಒಣಗಿ ಉಳಿದರೂ ಮುನ್ಸೂಚನೆ ನಿಜವಾಗಿಯೇ ಇರುತ್ತದೆ! ಬಣ್ಣಗಳ ವಿಷಯವೂ ಹೀಗೆಯೇ. ಹಸಿರೆಂದರೆ ಎಚ್ಚರಿಕೆಯೇನೂ ಇಲ್ಲ, ಹಳದಿಯೆಂದರೆ ಗಮನವಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಪ್ರವೃತ್ತರಾಗಿ. ಬಣ್ಣವು ಮಳೆಯ ಪ್ರಮಾಣವನ್ನು ಮಾತ್ರ ಸೂಚಿಸುವುದಲ್ಲ. ಸಂಭವವೆಷ್ಟು, ಸಂಭವಿಸಿದರೆ ಆಗುವ ಹಾನಿಯೆಷ್ಟು ಎಂಬೆರಡನ್ನೂ ತೂಗಿ ಕೊಟ್ಟದ್ದು.

ಇಷ್ಟು ಯಂತ್ರಸಾಧನಗಳಿದ್ದೂ ನಮ್ಮ ಊರಿನ ಹೆಸರು ಹಿಡಿದು ಖಚಿತವಾಗಿ ಏಕೆ ಹೇಳಲಾಗದು? ವಾಯುವಿನ ಸ್ವಭಾವವೇ ಅಂಥದು. ಚಂಡಮಾರುತವು ನೂರಾರು ಕಿಲೋಮೀಟರುಗಳ ಹರವುಳ್ಳದ್ದು, ದಿನಗಟ್ಟಲೆ ಬದುಕುವಂಥದು. ಉಪಗ್ರಹದ ಕಣ್ಣಿಗೆ ಬಿದ್ದ ಮೇಲೆ ಅದರ ಹಾದಿಯನ್ನು ಕೆಲವು ದಿನಗಳ ಮೊದಲೇ ಅಂದಾಜು ಮಾಡಬಹುದು. ಗುಡುಗಿನ ಮೋಡವಾದರೋ ಕೆಲವೇ ಕಿಲೋಮೀಟರು ಅಗಲದ್ದು. ಅದರ ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ನಾಳೆ ಹುಟ್ಟಲಿರುವ ಆ ಮೋಡವು ಯಾವ ಹಳ್ಳಿಯ ಮೇಲೆ ಹುಟ್ಟೀತೆಂದು ಇಂದೇ ಹೇಳುವುದು ಸಾಧ್ಯವಿಲ್ಲ. ಹುಟ್ಟಿದುದನ್ನು ರೇಡಾರಿನಿಂದ ಕಂಡು ಮುಂದಿನ ಮೂರು ಗಂಟೆಗಳ ಮಟ್ಟಿಗೆ ಹೇಳಬಹುದು. ಆದುದರಿಂದಲೇ ಅಲ್ಪಾವಧಿಯ ಸೂಚನೆಗಳನ್ನು ಬೇರೆಯಾಗಿ ಹೊರಡಿಸುತ್ತಾರೆ. ನಿನ್ನೆಯ ಪತ್ರಿಕೆಯಲ್ಲಿ ಓದಿದುದನ್ನೇ ನಂಬಿ ಕುಳಿತವರಿಗೆ ಅವು ತಲಪುವುದಿಲ್ಲ.

ಎಚ್ಚರಿಕೆ ಕೊಡುವವರ ಮುಂದೆ ಎರಡು ಬಗೆಯ ತಪ್ಪುಗಳುಂಟು: ಬಾರದುದನ್ನು ಬರುವುದೆನ್ನುವುದು, ಬರುವುದನ್ನು ಹೇಳದೆ ಬಿಡುವುದು. ಒಂದನ್ನು ತಗ್ಗಿಸಹೊರಟರೆ ಇನ್ನೊಂದು ಹೆಚ್ಚುತ್ತದೆ. ಮೊದಲನೆಯದರಲ್ಲಿ ಒಂದು ದಿನದ ಕೆಲಸ ಕೆಡುತ್ತದೆ. ಎರಡನೆಯದರಲ್ಲಿ ಜೀವ ಹೋಗುತ್ತದೆ. ಇವೆರಡರ ಬೆಲೆ ಒಂದೇ ಅಲ್ಲ. ಒಡಿಶಾದ ಕರಾವಳಿಯನ್ನು ನೋಡಿ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಮಂದಿ ಸತ್ತರು. 2013ರ ಅಕ್ಟೋಬರ್ 12ರಂದು ‘ಫೈಲಿನ್’ ಬಂದೆರಗಿದಾಗ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ನಡುವಣ ವರ್ಷಗಳಲ್ಲಿ ಮುನ್ಸೂಚನೆ ಉತ್ತಮಗೊಂಡಿತ್ತು, ಆಶ್ರಯಮಂದಿರಗಳು ಎದ್ದಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ಲಕ್ಷದಷ್ಟು ಜನರು ಗಾಳಿ ಬೀಸುವ ಮೊದಲೇ ಮನೆ ಬಿಟ್ಟು ನಡೆದಿದ್ದರು. ಎಚ್ಚರಿಕೆಯು ಅರ್ಧ ಕೆಲಸ ಮಾತ್ರ. ಕೇಳಿದವರ ನಡೆ ಉಳಿದ ಅರ್ಧ.

ಹಾಗೆಂದು ದೋಷವೆಲ್ಲ ಕೇಳುವವರದೇ ಎಂದು ನಾವು ಹೇಳಲಾರೆವು. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಕಡಲ ತೀರದಲ್ಲಿದೆ. ಮುಂಡಗೋಡು ಘಟ್ಟದಾಚೆಯ ಬಯಲುಸೀಮೆಯ ಅಂಚಿನಲ್ಲಿದೆ. ಎರಡೂ ಕಡೆಯ ಮಳೆಗೆ ಹೋಲಿಕೆಯೇ ಇಲ್ಲ. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದರೆ ಮುಂಡಗೋಡಿನವರಿಗೆ ಎಚ್ಚರಿಕೆಯ ಮೇಲೆ ತಾತ್ಸಾರ ಹುಟ್ಟುವುದು ಸಹಜ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿಯೂ ತಾವಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳಿವೆ. ಇವುಗಳ ನೆರವಿನಿಂದ ಎಚ್ಚರಿಕೆಯನ್ನು ತಾಲ್ಲೂಕುವಾರು ಹೇಳುವುದೂ, ಋತು ಮುಗಿದ ಮೇಲೆ ಎಷ್ಟು ಎಚ್ಚರಿಕೆಗಳು ಫಲಿಸಿದವು, ಎಷ್ಟು ಫಲಿಸಲಿಲ್ಲವೆಂಬ ಲೆಕ್ಕವನ್ನು ತಿಳಿಗನ್ನಡದಲ್ಲಿ ಜನರ ಮುಂದಿಡುವುದೂ ಅಗತ್ಯ. ಲೆಕ್ಕ ಒಪ್ಪಿಸುವವರನ್ನು ಜನ ನಂಬುತ್ತಾರೆ.

ಈ ಲೆಕ್ಕವನ್ನು ವಿದ್ಯಾರ್ಥಿಗಳೂ ಇಡಬಹುದು. ನೇರ ಬದಿಯ, ಸಪಾಟು ತಳದ ಒಂದು ಪಾತ್ರೆ, ಒಂದು ಅಳತೆಪಟ್ಟಿ, ಒಂದು ಪುಸ್ತಕ — ಇಷ್ಟು ಸಾಕು. ಬಯಲಿನಲ್ಲಿಟ್ಟ ಪಾತ್ರೆಯ ನೀರನ್ನು ದಿನವೂ ಬೆಳಗ್ಗೆ 8.30ಕ್ಕೆ ಅಳೆದು, ಹಿಂದಿನ ದಿನದ ಮುನ್ಸೂಚನೆಯ ಪಕ್ಕದಲ್ಲಿ ಬರೆಯಿರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಂಭಾವ್ಯತೆಯೆಂದರೇನೆಂಬುದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುವುದು.

ನಮ್ಮ ದೇಶದಲ್ಲಿ ವರ್ಷಕ್ಕೆ 2 ಸಾವಿರಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಹೊಲಗದ್ದೆಗಳಲ್ಲಿ ದುಡಿಯುವವರೂ ಮರದಡಿಯಲ್ಲಿ ನಿಂತವರೂ ಇವರಲ್ಲಿ ಬಹಳ. ಗುಡುಗು ಕೇಳಿಸಿದೊಡನೆ ಬಯಲನ್ನೂ ಮರವನ್ನೂ ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕೆಂಬ ಮಾತನ್ನು ಮನೆಯ ಹಿರಿಯರಿಗೆ ತಿಳಿಯಹೇಳಬೇಕಾದವರು ಓದಿದ ಮಕ್ಕಳೇ. ಹತ್ತು ಸಲ ಓಡಿ ಬಂದು ಒಂಬತ್ತು ಸಲ ಏನೂ ಆಗದಿದ್ದರೆ ನಷ್ಟವಿಲ್ಲ. ಹತ್ತನೆಯ ಸಲಕ್ಕಾಗಿಯೇ ಆ ಒಂಬತ್ತು.