ಡಬ್ಬ್ಯಾಗ ಹಾಕಿ ಕಳಿಸಬ್ಯಾಡ್ರಿ, ಮನಿಗಿ ಕರೀರಿ

ಸಂಕ್ರಾಂತಿ ಆದ ಮ್ಯಾಲ ನಮ್ಮ ಗಲ್ಲಿಯೊಳಗ ಹಳದಿ ಕುಂಕುಮದ ಕಾಲ ಶುರು ಆಗ್ತದ. ರಥಸಪ್ತಮಿ ತನಕ ಸಂಜಿ ಆದ್ರ ಸಾಕು, ಯಾರದರೆ ಮನಿಗಿ ಹೋಗೋದು, ಕುಸುರೆಳ್ಳು ತಗೊಳ್ಳೋದು, ವಾಣ ಅಂತ ಒಂದು ಸ್ಟೀಲ್ ಕಟೋರಿನೋ ಪ್ಲಾಸ್ಟಿಕ್ ಟಬ್ಬೋ ಹಿಡ್ಕೊಂಡು ಬರೋದು. ಅದೇ ಹೊತ್ತಿಗಿ ಗಾಂಧಿ ಗಂಜಿನಾಗ ಹೊಸ ತೊಗರಿ ಬಂದು ಬೀಳ್ತಿರ್ತದ. ಹಣ್ಣಿನ ಬಂಡಿಯವರು ಪ್ಯಾರಲ ಹಣ್ಣಿನ ಬಾಜೂಕ ಕೆಂಪನ್ನ ಸ್ಟ್ರಾಬೆರಿ ಡಬ್ಬಿ ಸಾಲಾಗಿ ಇಟ್ಟಿರ್ತಾರ. ಹಳದಿ ಕುಂಕುಮ, ಸ್ಟ್ರಾಬೆರಿ ಎರಡೂ ಒಂದೇ ಕಾಲಕ್ಕ ಬರೋದು ಭಾಳ ಚಲೋ ಆಗ್ಯಾದ ಅಂತ ನನಗ ಹೋದ ವರ್ಷ ತಿಳೀತು. ಅದನ್ನೇ ಇವತ್ತು ನಿಮ್ಮ ಮುಂದ ಹೇಳ್ಲತ್ತೀನಿ.

ಹೋದ ವರ್ಷ ನಮ್ಮ ಮನ್ಯಾಗ ಹಳದಿ ಕುಂಕುಮ ಇಟ್ಟಾಗ ಸೊಸಿ ಅಂದ್ಲು, "ಅತ್ತಿಯವರೆ, ಈ ಸಲ ಪ್ಲಾಸ್ಟಿಕ್ ಸಾಮಾನ ಹಂಚೋದು ಬ್ಯಾಡ್ರಿ. ಸ್ಟ್ರಾಬೆರಿ ಒಳಗ ಹೂರಣ ತುಂಬಿ, ಚಾಕಲೇಟಿನಾಗ ಅದ್ದಿ, ಒಬ್ಬೊಬ್ಬರಿಗಿ ಎರಡೆರಡು ಕೊಡೋಣ್ರಿ." ನನಗ ನಗು ಬಂತು. ಸ್ಟ್ರಾಬೆರಿಗಿ ಹೂರಣ ಏನು, ಅದೇನು ಕಡಬೇನು? ಆದ್ರ ಅಕಿ ಮಾಡೋದು ನಿಂತು ನೋಡಿದ ಮ್ಯಾಲ ಒಪ್ಪಿಕೊಂಡೆ. ಖರೇನೇ ಇದು ಕಡಬೇ. ಹೂರಣ ಒಳಗ, ಪದರ ಹೊರಗ. ಕಡಬು ತುಂಬಿದ ಕೈಗಿ ಇದೇನು ದೊಡ್ಡ ಮಾತಲ್ಲ.

ಇದು ಫಾರಿನ್ ತಿನಿಸು ಅಂತ ಮೂಗು ಮುರಿಯೋರಿಗಿ ಒಂದು ಮಾತು. ಈ ಹಣ್ಣು ಬಹುತೇಕ ನಮ್ಮ ಪಡುವಲಕಿನ ಮಹಾರಾಷ್ಟ್ರದಿಂದ, ಸಾತಾರಾ ಜಿಲ್ಲೆಯ ಮಹಾಬಳೇಶ್ವರ, ಪಂಚಗಣಿ ಕಡಿಂದ ಬರ್ತದ. ಮಹಾಬಳೇಶ್ವರದ ಸ್ಟ್ರಾಬೆರಿಗಿ 2010ರಾಗ ಜಿ.ಐ. ಗುರುತು ಸಿಕ್ಕದ. ಇನ್ನ ಚಾಕಲೇಟು. ಮಂಗಳೂರು ಕಡೀ ಅಡಕಿ ತೋಟದ ನಡುವ ಕೋಕೋ ಗಿಡ ಹಚ್ತಾರ. ಅಡಕಿ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ 1973ರಾಗ ಶುರು ಆಯ್ತು, 1986ರಾಗ ಅವರು ಪುತ್ತೂರಿನಾಗ ಚಾಕಲೇಟ್ ಕಾರ್ಖಾನಿನೇ ತೆಗೆದ್ರು. ಹಂಗಾದ ಮ್ಯಾಲ ಹಣ್ಣು ಬಾಜೂ ರಾಜ್ಯದ್ದು, ಚಾಕಲೇಟು ನಮ್ಮ ರಾಜ್ಯದಾಗೂ ಆಗೂದು, ಹೂರಣ ನಮ್ಮ ಮನೀದು.

ಮಾಡೋ ರೀತಿ ಹೇಳಿಬಿಡ್ತೀನಿ, ಆಮ್ಯಾಲ ನನ್ನ ಮಾತಿಗಿ ಬರ್ತೀನಿ.

ಹನ್ನೆರಡು ಮಂದಿಗಿ ಅಂದ್ರ 200 ಗ್ರಾಮಿನ ಎರಡು ಡಬ್ಬಿ ಹಣ್ಣು ಸಾಕು. ನಡು ಗಾತ್ರದವು ಒಂದು ಡಬ್ಬಿಗಿ 12ರಿಂದ 15 ಬರ್ತಾವ. ತಗೊಳ್ಳುವಾಗ ಡಬ್ಬಿ ತಿರುವಿ ತಳ ನೋಡ್ರಿ. ಮ್ಯಾಲಿನವು ಚಂದ ಇದ್ದು ತಳದವು ಮೆತ್ತಗ ಆಗಿರ್ತಾವ. ತೊಟ್ಟಿನ ತನಕ ಕೆಂಪು ಇದ್ದದ್ದೇ ಆರಸ್ರಿ. ಬಾಳಿಹಣ್ಣು, ಮಾವಿನಹಣ್ಣಿನಂಗ ಇದು ಮನ್ಯಾಗ ಇಟ್ಟರ ಹಣ್ಣಾಗಲ್ಲ. ಹರಿದಾಗ ಬೆಳ್ಳಗ ಇದ್ದದ್ದು ಸಿಹಿ ಆಗೂದಿಲ್ಲ, ಕೊಳೀತದ ಅಷ್ಟೇ.

ಹೂರಣಕ್ಕ ಅರ್ಧ ಕಿಲೋ ಗಟ್ಟಿ ಮೊಸರು ಹಿಂದಿನ ರಾತ್ರಿನೇ ತೆಳ್ಳನ ಧೋತರದ ಬಟ್ಟ್ಯಾಗ ಕಟ್ಟಿ ತೂಗ ಹಾಕ್ರಿ. ಮುಂಜಾನಿಗಿ ನೀರು ಇಳಿದು 200 ಗ್ರಾಮಿನಷ್ಟು ಚಕ್ಕಾ ಉಳೀತದ. ಅದಕ್ಕ ನಾಕು ಚಮಚ ಸಕ್ರಿ ಪುಡಿ, ಯಲಕ್ಕಿ ಹಾಕಿ ಕಲಸ್ರಿ. ಶ್ರೀಖಂಡಕ್ಕ ಹಾಕಿದಷ್ಟು ಸಕ್ರಿ ಹಾಕಬ್ಯಾಡ್ರಿ, ಹೂರಣ ತೆಳ್ಳಗಾಗಿ ಹರೀತದ. ಚಕ್ಕಾ ಬ್ಯಾಡ ಅನ್ನೋರು ಖೋವಾ ತಗೊಂಡು, ಹುರಿದ ಎಳ್ಳಿನ ಪುಡಿ ಎರಡು ಚಮಚ, ಜರಾ ಸಕ್ರಿ ಪುಡಿ ಕೂಡಿಸಿ ನಾದ್ರಿ. ಸಂಕ್ರಾಂತಿ ಎಳ್ಳೂ ಹೊಟ್ಟಿಗಿ ಹೋದಂಗ ಆಯ್ತು.

ಹಣ್ಣು ಮಾಡೂ ಹೊತ್ತಿಗೇ ತೊಳೀರಿ, ಮೊದಲೇ ತೊಳೆದು ಇಡಬ್ಯಾಡ್ರಿ. ತೊಳೆದು, ಒರೆಸಿ, ಬಟ್ಟಿ ಮ್ಯಾಲ ಹರವಿ ಒಂದು ತಾಸು ಬಿಡ್ರಿ. ಒಂದು ಹನಿ ನೀರು ಸುದ್ದಾ ಇರಬಾರದು. ಆಮ್ಯಾಲ ಸಣ್ಣ ಚಾಕೂ ತುದಿಲಿಂದ ತೊಟ್ಟು ತೆಗೆದು, ಒಳಗ ಸಣ್ಣ ಗುಳಿ ಮಾಡ್ರಿ. ಹಾಲಿನ ಪಾಕೀಟು ತೊಳೆದು ಒಣಗಿಸಿ, ಒಂದು ಮೂಲಿ ಕತ್ತರಿಸಿದ್ರ ಮೆಹೆಂದಿ ಕೋನಿನಂಗ ಆಗ್ತದ. ಅದರಾಗ ಹೂರಣ ತುಂಬಿ ಗುಳಿಯೊಳಗ ಹಿಂಡ್ರಿ. ಹದಿನೈದು ಇಪ್ಪತ್ತು ಮಿನಿಟು ಫ್ರಿಜ್ಜಿನಾಗ ಇಟ್ಟರ ಗಟ್ಟಿ ಕೂಡ್ತದ.

ಚಾಕಲೇಟು 200 ಗ್ರಾಮ್ ಸಣ್ಣಗ ಹೆಚ್ಚಿಕೊಳ್ರಿ. ಭಗೋಣ್ಯಾಗ ನೀರು ಕುದಿಸಿ, ಒಲಿ ಆರಿಸಿ, ಮ್ಯಾಲ ಒಣ ಬಟ್ಟಲು ಇಟ್ಟು ಅದರಾಗ ಕರಗಸ್ರಿ. ಬಟ್ಟಲು ನೀರಿಗಿ ತಾಕಬಾರದು. ಚಾಕಲೇಟಿನಾಗ ನೀರಿನ ಹನಿ ಬಿತ್ತಂದ್ರ ಎಲ್ಲಾ ಗಂಟು ಕಟ್ತದ, ಅದನ್ನ ತಿರುಗಿ ಹದಕ್ಕ ತರೋದು ಕಷ್ಟ. ಹಂಗ ಆದ್ರ ಚೆಲ್ಲಬ್ಯಾಡ್ರಿ, ಬಿಸಿ ಹಾಲಿನಾಗ ಹಾಕಿ ಮಕ್ಕಳಿಗಿ ಕುಡಿಸ್ರಿ. ತರೋ ಮೊದಲ ಪಾಕೀಟಿನ ಮ್ಯಾಲಿಂದು ಓದ್ರಿ. ಕಾಂಪೌಂಡ್ ಅಂತ ಇದ್ದದ್ದರಾಗ ಕೋಕೋ ಬೆಣ್ಣಿ ಬದಲಿ ಬ್ಯಾರೆ ಎಣ್ಣಿ ಜಿಡ್ಡು ಇರ್ತದ. ಅದು ಸಸ್ತಾ, ಕರಗಿಸಿ ಅದ್ದಿದ್ರ ಸಾಕು, ತಾನೇ ಗಟ್ಟಿ ಆಗ್ತದ, ಆದ್ರ ರುಚಿ ಜರಾ ಕಮ್ಮಿ. ಕೋಕೋ ಬೆಣ್ಣಿ ಇದ್ದ ಚಾಕಲೇಟು ತಂದ್ರ ಮೂರರಾಗ ಎರಡು ಪಾಲು ಕರಗಿಸಿ, ಕೆಳಗಿಳಿಸಿ, ಉಳಿದ ಒಂದು ಪಾಲು ಅದರಾಗೇ ಹಾಕಿ ತಿರುವಿ ತಣಸ್ರಿ. ಹಿಂಗ ಮಾಡದಿದ್ರ ಮ್ಯಾಲ ಬೂದಿ ಬಣ್ಣ ಬರ್ತದ, ಕೈಗಿ ಅಂಟ್ತದ. ಹಣ್ಣಿನ ತುದಿ ಕೆಳಗ ಮಾಡಿ ಅರ್ಧಕ್ಕಿಂತ ಮ್ಯಾಲ ಅದ್ದಿ, ತಾಟಿನ ಮ್ಯಾಲ ಬಟರ್ ಪೇಪರ್ ಹಾಸಿ ಮಲಗಸ್ರಿ. ನಮ್ಮ ಬೀದರದ ಥಂಡ್ಯಾಗ ಹೊರಗೇ ಗಟ್ಟಿ ಆಗ್ತಾವ.

ಇನ್ನ ನನ್ನ ಮಾತು.

ನಮ್ಮ ಬಾಜೂ ಮನಿ ಕಾಕು ನಿಮಗ ಗೊತ್ತೇ ಇದ್ದಾರ. ಕಾಕಾ ತೀರಿದ ಮ್ಯಾಲ ಅವರು ಯಾರ ಮನಿ ಹಳದಿ ಕುಂಕುಮಕ್ಕೂ ಬಂದಿದ್ದಿಲ್ಲ. ಬಂದಿದ್ದಿಲ್ಲ ಅಂತ ಯಾಕ ಅನ್ಲಿ, ನಾವೇ ಕರೆದಿದ್ದಿಲ್ಲ. ನಾ ಪ್ರತಿ ವರ್ಷ ಎಳ್ಳುಂಡಿ, ಶೇಂಗಾ ಹೋಳಿಗಿ ಒಂದು ಡಬ್ಬ್ಯಾಗ ಹಾಕಿ ಮೊಮ್ಮಗನ ಕೈಲಿ ಕೊಟ್ಟು ಕಳಿಸ್ತಿದ್ದೆ. ಕಾಕು ಡಬ್ಬಿ ತೊಳೆದು, ಖಾಲಿ ಕೊಡಬಾರದಂತ ಅದರಾಗ ಜರಾ ಸಕ್ರಿ ಹಾಕಿ ತಿರುಗಿ ಕಳಿಸ್ತಿದ್ರು. ನಾ ಎಷ್ಟು ಒಳ್ಳೆಯಾಕಿ, ಅವರಿಗಿ ಮರೆತಿಲ್ಲ ಅಂತ ನನಗ ಸಮಾಧಾನ ಇತ್ತು.

ಹೋದ ವರ್ಷನೂ ಡಬ್ಬಿ ಹುಡುಕಿದೆ. ಸೊಸಿ ಅಂದ್ಲು, "ಅತ್ತಿಯವರೆ, ಇದು ಡಬ್ಬಿಗಿ ನಡೆಯಂಗಿಲ್ರಿ. ಕೊಯ್ದ ಹಣ್ಣು ನೀರು ಬಿಡ್ತದ, ಹೂರಣ ಇಳೀತದ. ಕಾಕು ಅವರಿಗಿ ಇಲ್ಲೇ ಕರೀರಿ, ಎಲ್ಲಾರ ಜೋಡಿ ಕೂತು ತಿಂತಾರ." ನಾ ಡಬ್ಬಿ ಹಿಡ್ಕೊಂಡು ಅಲ್ಲೇ ನಿಂತೆ. ಅಕಿ ಹಣ್ಣಿನ ಮಾತು ಆಡಿದ್ಲೋ, ಬ್ಯಾರೆ ಏನರ ಮನಸ್ಸಿನಾಗ ಇತ್ತೋ, ನಾ ಕೇಳ್ಲಿಲ್ಲ. ಸೀದಾ ಬಾಜೂಕ ಹೋಗಿ, "ಕಾಕು, ಸಂಜಿಗಿ ಮನಿಗಿ ಬರ್ರಿ" ಅಂದೆ. ಅವರು ಒಂದು ಗಳಿಗಿ ನನ್ನ ಮಾರಿ ನೋಡಿ ಕೇಳಿದ್ರು, "ಎಲ್ಲಾರೂ ಹೋದ ಮ್ಯಾಲ ಬರ್ಲೇನವ್ವಾ?"

ಆ ಮಾತು ಈಗೂ ನನ್ನ ಕಿವ್ಯಾಗ ಅದ. ಇಷ್ಟು ವರ್ಷ ನಾ ಡಬ್ಬಿ ಕಳಿಸಿದ್ದಕ್ಕ ಅವರು ತಿಳ್ಕೊಂಡ ಅರ್ಥ ಅದು. ತಿನಿಸು ನಿಮ್ಮ ಮನಿಗಿ ಬರ್ತದ, ನೀವು ನಮ್ಮ ಮನಿಗಿ ಬರಬ್ಯಾಡ್ರಿ.

ಕಾಕು ಬಂದ್ರು. ಅಡಿಗಿ ಮನಿ ಬಾಗಿಲ ಬಾಜೂಕ ಕೂತ್ರು. ಸೊಸಿ ಎಲ್ಲಾರಿಗೂ ಕೊಟ್ಟಂಗ ಅವರಿಗೂ ತಾಟಿನಾಗ ಎರಡು ಇಟ್ಟು ಕೊಟ್ಲು. ಒಬ್ಬಿಬ್ಬರು ಒಬ್ಬರ ಮಾರಿ ಒಬ್ಬರು ನೋಡಿದ್ರು, ಸುಮ್ಮನಾದ್ರು. ಕಾಕು ಒಂದು ಕಡಿದು, "ಅಯ್ಯ, ಒಳಗ ಶ್ರೀಖಂಡ ಅದಲ್ಲ!" ಅಂದ್ರು. ಎಲ್ಲಾರೂ ನಕ್ರು. ಅಷ್ಟೇ ಆಗಿದ್ದು. ಭೂಮಿ ಬಾಯಿ ಬಿಡಲಿಲ್ಲ.

ಅದಕ್ಕೇ ನಾ ಹೇಳೋದು, ಈ ಸ್ಟ್ರಾಬೆರಿ ನಮ್ಮ ಮನ್ಯಾಗ ಮಾಡಲೇಬೇಕಾದ ತಿನಿಸು. ರುಚಿ ಅದ, ಚಂದ ಅದ, ಅದೆಲ್ಲಾ ಸರಿ. ಆದ್ರ ಅದರ ದೊಡ್ಡ ಗುಣ ಅಂದ್ರ ಅದು ಇಟ್ಟರ ಇರಂಗಿಲ್ಲ. ಎಳ್ಳುಂಡಿ ತಿಂಗಳ ಗಟ್ಟಲೆ ಇರ್ತದ, ಹೋಳಿಗಿ ಬಸ್ಸಿನಾಗ ಹೈದ್ರಾಬಾದಿಗೂ ಹೋಗ್ತದ. ಇರೋ ತಿನಿಸಿನ ಜೋಡಿ ಮನಷ್ಯಾರಿಗಿ ದೂರ ಇಡೋದು ಸಸಾರ, ಡಬ್ಬಿ ಕಳಿಸಿದ್ರ ಆಯ್ತು. ಇದು ಹಂಗಲ್ಲ. ಮಾಡಿದ ದಿನಾನೇ ತಿನ್ಬೇಕು. ಫ್ರಿಜ್ಜಿನಾಗ ಇಟ್ಟು ಮರುದಿನ ತೆಗೆದ್ರ ಚಾಕಲೇಟು ಬೆವರ್ತದ, ಹಣ್ಣು ಮೆತ್ತಗಾಗ್ತದ. ಕೊಡಬೇಕಂದ್ರ ಕರೀಬೇಕು, ಕೂಡಿಸಬೇಕು.

ಇನ್ನೊಂದು ಗುಣ, ಇದಕ್ಕ ಶಾಸ್ತ್ರ ಇಲ್ಲ. ಉಡಿ ಯಾರಿಗಿ ತುಂಬಬೇಕು, ವಾಣ ಯಾರಿಗಿ ಕೊಡಬೇಕು ಅಂತ ಹಿರ್ಯಾರು ಬರೆದಂಗ ಹೇಳ್ತಾರ. ಸ್ಟ್ರಾಬೆರಿ ಯಾರು ತಿನ್ಬಾರದು ಅಂತ ಯಾವ ಅಜ್ಜಿನೂ ಹೇಳಿ ಹೋಗಿಲ್ಲ. ಹೊಸಾ ತಿನಿಸು, ಹೊಸಾ ತಾಟು. ಅದರ ಸುತ್ತ ಹಳೇ ಗೋಡಿ ನಾವು ಕಟ್ಟೋದು ಬ್ಯಾಡ.

"ಹಳದಿ ಕುಂಕುಮ ಅಂದ್ರ ಮುತ್ತೈದೆಯರದ್ದೇ, ಅದನ್ನ ಯಾಕ ಕೆಡಸ್ತಿ" ಅಂತ ನಮ್ಮ ಬೀಗರೊಬ್ಬರು ಫೋನಿನಾಗ ಕೇಳಿದ್ರು. ಅವರ ಮಾತೂ ನಾ ತಳ್ಳಿ ಹಾಕಲ್ಲ, ಅವರು ಹಂಗೇ ಬೆಳೆದು ಬಂದಾರ, ನಾನೂ ಹಂಗೇ ಬಂದಾಕಿ. ಆದ್ರ ಒಂದು ನೋಡ್ರಿ. ಬಸವಕಲ್ಯಾಣ ನಮ್ಮದೇ ಜಿಲ್ಲೆಯೊಳಗ ಅದ. ಎಂಟು ನೂರು ವರ್ಷಕ್ಕಿಂತ ಹಿಂದ ಅಲ್ಲಿ ಹೆಣ್ಣು ಗಂಡು, ಮ್ಯಾಲ ಕೆಳಗ ಅನ್ನದಂಗ ಶರಣರು ಕೂಡಿ ಕೂತಿದ್ರು ಅಂತ ಮಕ್ಕಳಿಗಿ ನಾವೇ ಹೇಳ್ತೀವಿ. 2022ರ ಮೇ ತಿಂಗಳದಾಗ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿಯವರು, ಗಂಡ ತೀರಿದಾಕಿ ಬಳಿ ಒಡೆಯೋದು, ಕುಂಕುಮ ಅಳಿಸೋದು ಬ್ಯಾಡ ಅಂತ ಠರಾವು ಮಾಡಿದ್ರು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಬ್ಯಾರೆ ಪಂಚಾಯತಿಗಳಿಗೂ ಹಂಗೇ ಮಾಡ್ರಿ ಅಂತ ತಿಳಿಸ್ತು. ಒಂದು ಊರಿಗಿ ಊರೇ ಅಷ್ಟು ಮಾಡೋದಾದ್ರ, ನಮ್ಮ ಗಲ್ಲಿಯೊಳಗ ಒಂದು ತಾಟು ಹೆಚ್ಚಿಗಿ ಇಡೋದು ಯಾವ ದೊಡ್ಡ ಕೆಲಸ?

ಖರ್ಚಿನ ಮಾತು ಹೇಳೋರಿಗಿ ಒಂದು ಲೆಕ್ಕ. ಹಣ್ಣು ತುಟ್ಟಿ ಅದ, ಇಲ್ಲ ಅನ್ನಲ್ಲ. ಆದ್ರ ವಾಣದ ಪ್ಲಾಸ್ಟಿಕ್ ಟಬ್ಬುಗೋಳು ನಿಮ್ಮ ಅಟ್ಟದ ಮ್ಯಾಲ ಎಷ್ಟು ಬಿದ್ದಾವ, ಒಮ್ಮೆ ಎಣಿಸ್ರಿ. ಆ ರೊಕ್ಕದಾಗ ಮಂದಿಗಿ ಎರಡೆರಡು ಹಣ್ಣು ಬರ್ತಾವ. ಎರಡರ ಮ್ಯಾಲ ಕೊಡೋದೂ ಬ್ಯಾಡ. ಅಪರೂಪದ ತಿನಿಸು ಅಪರೂಪವೇ ಇರಲಿ. ಫೋಟೋ ತೆಗೆದು ಸ್ಟೇಟಸ್ ಹಾಕೋರು ಹಾಕ್ರಿ, ಆದ್ರ ಮೊದಲ ತಾಟು ಕೊಡ್ರಿ, ಅಷ್ಟರಾಗ ನೀರು ಬಿಡ್ತಾವ.

ಒಂದು ತಪ್ಪು ಒಪ್ಪಿಕೊಂಡು ಮುಗಿಸ್ತೀನಿ. ಹೋದ ವರ್ಷ ಕಾಕುಗಿ ಕರೆದೆ, ತಾಟು ಕೊಟ್ಟೆ. ಆದ್ರ ಕುಂಕುಮದ ಭರಣಿ ಎಲ್ಲಾರ ಮುಂದ ಹಿಡಿದು, ಅವರ ಮುಂದ ಬಂದಾಗ ಕೈ ಹಿಂದ ತಗೊಂಡೆ. ಧೈರ್ಯ ಸಾಲಲಿಲ್ಲ. ಕಾಕು ನೋಡಿಯೂ ನೋಡದಂಗ ಸೆರಗು ಸರಿ ಮಾಡಿಕೊಂಡ್ರು. ಸ್ಟ್ರಾಬೆರಿ ನನ್ನ ಅರ್ಧ ದಾರಿ ತನಕ ಕರ್ಕೊಂಡು ಬಂತು. ಉಳಿದ ಅರ್ಧ ನಾನೇ ನಡೀಬೇಕು.

ಈ ವರ್ಷ ನಮ್ಮ ಮನ್ಯಾಗ ಹಳದಿ ಕುಂಕುಮ ಬರೋ ಶುಕ್ರವಾರ ಅದ. ಚಕ್ಕಾ ಕಟ್ಟೋ ಕೆಲಸ ಕಾಕುನೇ ತಗೊಂಡಾರ. "ನಿನ್ನ ಸೊಸಿ ಮೊಸರು ಸರಿ ಹಿಂಡಲ್ಲ, ನಾ ಕಟ್ತೀನಿ" ಅಂದಾರ. ಅಂದು ಭರಣಿ ಅವರ ಮುಂದೂ ಹಿಡೀತೀನಿ. ಹಚ್ಕೊಳ್ಳೋದು ಬಿಡೋದು ಅವರ ಮನಸ್ಸು. ನೀವೆಲ್ಲಾರೂ ಬರ್ರಿ. ನಿಮ್ಮ ಬಾಜೂ ಮನ್ಯಾಗ ನೀವು ಡಬ್ಬಿ ಕಳಿಸೋರು ಯಾರರ ಇದ್ರ, ಅವರಿಗೂ ಕರ್ಕೊಂಡೇ ಬರ್ರಿ.