ವರ್ಷಕ್ಕೊಮ್ಮೆ ಬರೆಯುವವರ ತಂತ್ರಾಂಶ

ವಾಸ್ಕೋದ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಪಾಲಕರಲ್ಲಿ ಹೆಚ್ಚಿನವರು ಬರವಣಿಗೆಯನ್ನು ನಂಬಿ ಬದುಕುವವರಲ್ಲ. ಬಂದರಿನ ಕೂಲಿ, ಕಟ್ಟಡದ ಕೆಲಸ, ಲಾರಿ, ಮೀನು ತರಕಾರಿಗಳ ಮಾರಾಟ, ಮನೆಗೆಲಸ ಇವುಗಳಲ್ಲಿಯೇ ಅವರ ದಿನ ಮುಗಿಯುತ್ತದೆ. ಆದರೂ ಕಾನೂನು ಅವರ ಕೈಗೆ ಲೇಖನಿಯನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. 22ನೆಯ ಕಲಮಿನಂತೆ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯಬೇಕಾದದ್ದು ಈ ಸಮಿತಿಯೇ. ಸರಕಾರದ ಅನುದಾನಕ್ಕೆ ಆ ಯೋಜನೆಯೇ ತಳಹದಿ ಎಂದೂ ಅಲ್ಲಿಯೇ ಹೇಳಿದೆ. (ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಅನುದಾನಿತ ಶಾಲೆಗಳಲ್ಲಿಯೂ 2012ರ ತಿದ್ದುಪಡಿಯ ಬಳಿಕ ಸಮಿತಿಯದು ಸಲಹೆ ನೀಡುವ ಕೆಲಸ ಮಾತ್ರ. ಸರಕಾರಿ ಶಾಲೆಗಳಲ್ಲಿ ಹಾಗಲ್ಲ.)

ವ್ಯವಹಾರದಲ್ಲಿ ನಡೆಯುವುದೇ ಬೇರೆ. ಯೋಜನೆಯನ್ನು ಮುಖ್ಯ ಶಿಕ್ಷಕರು ಒಬ್ಬರೇ ಕುಳಿತು ಬರೆಯುತ್ತಾರೆ. ಪಾಲಕರು ಸಹಿ ಹಾಕುತ್ತಾರೆ. ಪಾಲಕರಿಗೆ ಶಾಲೆಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಯಾವ ಕೋಣೆ ಸೋರುತ್ತದೆ, ಐದನೆಯ ತರಗತಿಯ ಹುಡುಗಿ ಏಕೆ ಶಾಲೆ ಬಿಟ್ಟಳು ಎಂಬುದು ಅವರಿಗೆ ಗೊತ್ತು. ಅದನ್ನು ಯಾವ ಶೀರ್ಷಿಕೆಯ ಕೆಳಗೆ, ಯಾವ ಕ್ರಮದಲ್ಲಿ ಬರೆಯಬೇಕೆಂಬುದು ಗೊತ್ತಿಲ್ಲ.

ಇದು ಬಡವರ ಶಾಲೆಗೆ ಮಾತ್ರ ಬಂದ ತೊಡಕಲ್ಲ. ವಿಮಾನ ತಯಾರಿಸುವ ಕಾರ್ಖಾನೆಯಲ್ಲಿ ಒಂದು ಕವಾಟವನ್ನು ಬಲ್ಲ ಎಂಜಿನಿಯರ್ ವರ್ಷಕ್ಕೆ ಎರಡು ಪುಟ ಬರೆಯುತ್ತಾನೆ. ಆ ಪುಟಗಳು ಸಾವಿರ ಪುಟಗಳ ಕೈಪಿಡಿಯಲ್ಲಿ ತಪ್ಪಿಲ್ಲದೆ ಸೇರಬೇಕು. ಇಂತಹವರಿಗಾಗಿ ರಚನಾಬದ್ಧ ಬರವಣಿಗೆಯ ಸರಳ ತಂತ್ರಾಂಶಗಳು ಬಂದಿವೆ. ಅವುಗಳ ತತ್ವವನ್ನು ಕನ್ನಡಿಗರಿಗೆ ತಿಳಿಸುವುದು ಸುಲಭ. ಏಕೆಂದರೆ ಅದರ ಅರ್ಧ ಪಾಠವನ್ನು ಅವರು ಕಷ್ಟಪಟ್ಟು ಕಲಿತಿದ್ದಾರೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಯಂತ್ರವು ಅಕ್ಷರದ ರೂಪವನ್ನು ಇಟ್ಟುಕೊಂಡಿತ್ತೇ ಹೊರತು ಅದು ‘ಕ’ ಎಂಬ ಅರಿವನ್ನಲ್ಲ. ಯೂನಿಕೋಡ್ ಬಂದು ‘ಕ’ ಎಲ್ಲಿಯೂ ‘ಕ’ ಆಗಿ ಉಳಿಯಿತು. ರಚನಾಬದ್ಧ ಬರವಣಿಗೆಯದು ಇದೇ ಮಾರ್ಗದ ಮುಂದಿನ ಹೆಜ್ಜೆ. ದಪ್ಪಕ್ಷರದ ಸಾಲು ‘ದಪ್ಪಕ್ಷರ’ ಎಂದು ಉಳಿಯದೆ ‘ಶೀರ್ಷಿಕೆ’ ಎಂದು ಉಳಿಯುತ್ತದೆ. ಒಂದು ಸಂಖ್ಯೆ ‘ಬೇಕಾದ ಶಿಕ್ಷಕರು’ ಎಂದೋ ‘ದುರಸ್ತಿಯ ವೆಚ್ಚ’ ಎಂದೋ ತನ್ನ ಗುರುತನ್ನು ಕಟ್ಟಿಕೊಂಡೇ ಹೋಗುತ್ತದೆ. ಅಂದ ಚೆಂದದ ಹೊಣೆ ಯಂತ್ರದ್ದು.

ಈ ವಿಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ ವಕೀಲನಿದ್ದನೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಹಾರ್ವರ್ಡ್‌ನಲ್ಲಿ ಕಾನೂನು ಓದಿ ಬಳಿಕ ಐಬಿಎಂ ಸೇರಿದವನು. ವಕೀಲರ ಕಚೇರಿಯ ಕಾಗದಪತ್ರಗಳನ್ನು ಯಂತ್ರದಲ್ಲಿ ಒಗ್ಗೂಡಿಸುವ ಕೆಲಸದಲ್ಲಿದ್ದಾಗ, 1969ರಲ್ಲಿ, ಮೋಶರ್ ಮತ್ತು ಲೋರಿ ಎಂಬ ಸಂಗಡಿಗರೊಡನೆ ಅವನು ‘ಜಿಎಂಎಲ್’ ಎಂಬ ಗುರುತುಭಾಷೆಯನ್ನು ರೂಪಿಸಿದನು. ಆ ಮೂರು ಅಡ್ಡಹೆಸರುಗಳ ಮೊದಲಕ್ಷರಗಳೇ ಅದರ ಹೆಸರಿನಲ್ಲಿ ಅಡಗಿವೆ. ಅದರ ಪೀಳಿಗೆಯಲ್ಲಿ 1986ರ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕ, 1998ರ ಎಕ್ಸ್‌ಎಂಎಲ್, ಕೈಪಿಡಿಗಳಿಗಾಗಿ 2005ರಲ್ಲಿ ಮಾನಕವಾದ ಡಿಟಾ ಬಂದವು. ಕಾಯ್ದೆಗಳನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕಲಂ, ಉಪಕಲಂ, ಪರಂತುಕ, ಅನುಸೂಚಿ ಎಂದು ಪ್ರತಿ ಮಾತಿಗೂ ಸ್ಥಾನ ಗೊತ್ತುಪಡಿಸುವ ಬರವಣಿಗೆ ಕಾನೂನಿನಷ್ಟು ಹಳೆಯದು.

ಆದರೆ ಈ ಗುರುತುಗಳನ್ನು ಕೈಯಿಂದ ಬರೆಯುವುದು ಪರಿಣತರ ಕೆಲಸ. ವರ್ಷಕ್ಕೊಮ್ಮೆ ಬರೆಯುವವನಿಗೆ ಅದನ್ನು ಕಲಿಸಿದರೆ ಮುಂದಿನ ವರ್ಷಕ್ಕೆ ಮರೆತಿರುತ್ತಾನೆ. ಅವನಿಗೆಂದು ಮಾಡಿದ ತಂತ್ರಾಂಶ ಗುರುತುಗಳನ್ನು ತೆರೆಯ ಹಿಂದೆ ಮುಚ್ಚಿಡುತ್ತದೆ. ಎದುರಿಗೆ ಕಾಣುವುದು ಒಂದು ಪ್ರಶ್ನೆ, ಅದರ ಕೆಳಗೆ ಒಂದು ಖಾಲಿ ಜಾಗ. ಅಳಿಸಬಾರದ್ದನ್ನು ಅಳಿಸಲು ಬಿಡುವುದಿಲ್ಲ; ಬಿಟ್ಟುಹೋದದ್ದನ್ನು ನೆನಪಿಸುತ್ತದೆ.

ಶಾಲೆಗೆ ದುಬಾರಿ ತಂತ್ರಾಂಶ ಬೇಕಿಲ್ಲ. ವರ್ಡ್‌ನಲ್ಲಿ ನಮೂನೆಯೊಂದನ್ನು ಮಾಡಿ, ಖಾಲಿ ಜಾಗಗಳನ್ನು ತುಂಬುವುದಕ್ಕಷ್ಟೇ ಅವಕಾಶ ಬಿಟ್ಟು ಉಳಿದದ್ದಕ್ಕೆ ಬೀಗ ಹಾಕಬಹುದು. ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲಿಯೇ ಪ್ರಶ್ನೆಗಳನ್ನು ಬರೆದರೆ ಪಾಲಕರು ಮೊಬೈಲಿನಲ್ಲಿಯೇ ಉತ್ತರಿಸಬಹುದು; ಬೆರಳಚ್ಚು ಬಾರದವರು ಬಾಯಿಂದ ಹೇಳಿ ಬರೆಯಿಸಬಹುದು. ಕೇಂದ್ರದ 2010ರ ನಿಯಮಗಳು ಯೋಜನೆಯಲ್ಲಿ ಏನಿರಬೇಕೆಂದು ಹೇಳಿವೆ: ತರಗತಿವಾರು ಮಕ್ಕಳ ಅಂದಾಜು, ಬೇಕಾದ ಶಿಕ್ಷಕರು, ಕಟ್ಟಡ ಮತ್ತು ಸಲಕರಣೆ, ಹಣ. ‘ಮೂಲಸೌಕರ್ಯಗಳ ಹೆಚ್ಚುವರಿ ಅಗತ್ಯತೆ’ ಎಂದು ಕೇಳಿದರೆ ಖಾಲಿ ಹಾಳೆ ಮರಳುತ್ತದೆ. ‘ಶಾಲೆಯಲ್ಲಿ ಏನು ಮುರಿದಿದೆ, ಏನು ಇಲ್ಲ?’ ಎಂದು ಕೇಳಿದರೆ ಪುಟ ಸಾಲದು. ಈ ಪ್ರಶ್ನೆಗಳನ್ನು ಬರೆಯುವುದೇ ಇಡೀ ಕೆಲಸದ ಕಠಿಣ ಭಾಗ. ಶಿಕ್ಷಕರೂ ಇಬ್ಬರು ತಾಯಂದಿರೂ ಜೊತೆಯಾಗಿ ಕುಳಿತು ಬರೆಯಬೇಕಾದದ್ದು.

ಚೌಕಟ್ಟಿಗೆ ಒಂದು ಕೆಡುಕೂ ಉಂಟು. ಅದನ್ನು ಮಾಡಿದವನು ಊಹಿಸದ ಮಾತಿಗೆ ಅದರಲ್ಲಿ ಜಾಗವಿರುವುದಿಲ್ಲ. ಕೆಲಸ ಹುಡುಕಿ ಊರಿಂದೂರಿಗೆ ಹೋಗುವ ಕುಟುಂಬದ ಮಗು ಸುಗ್ಗಿಯ ಹೊತ್ತಿಗೆ ವಿಜಯಪುರಕ್ಕೋ ಗದಗಕ್ಕೋ ಹೋಗಿ ಎರಡು ತಿಂಗಳ ಮೇಲೆ ಮರಳಿದರೆ, ಅದು ‘ಶಾಲೆ ಬಿಟ್ಟ ಮಗು’ವೋ ‘ಗೈರುಹಾಜರಿ’ಯೋ? ಎರಡೇ ಮನೆಗಳಿದ್ದರೆ ಎರಡರಲ್ಲೊಂದಕ್ಕೆ ಸುಳ್ಳು ಬೀಳುತ್ತದೆ. ಕನ್ನಡ ತರಗತಿಯ ಸಂಖ್ಯೆ ಅಲ್ಲಿ ಒಂದು ಕಡಿಮೆಯಾಗುತ್ತದೆ. ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕರ ಸಂಖ್ಯೆ ನಿಂತಿರುವಾಗ ಅದು ಸಣ್ಣ ಮಾತಲ್ಲ. ಆದ್ದರಿಂದ ಪ್ರತಿ ನಮೂನೆಯ ಕೊನೆಗೆ ಅಳತೆಯಿಲ್ಲದ ಒಂದು ಜಾಗ ಬೇಕು: ‘ಮೇಲೆ ಕೇಳದೆ ಉಳಿದದ್ದೇನು?’

ಕನ್ನಡದಲ್ಲಿ ಬರೆದುಕೊಟ್ಟರೆ ಕಚೇರಿ ತೆಗೆದುಕೊಳ್ಳುವುದೇ ಎಂಬ ಅಳುಕು ಗೋವೆಯ ಪಾಲಕರಲ್ಲಿ ಸಹಜ. ಸಂವಿಧಾನದ 350ನೆಯ ಅನುಚ್ಛೇದದಂತೆ ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ ಸಲ್ಲಿಸುವ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಅಲ್ಲಿರುವ ಮಾತು ‘ಬಳಕೆಯಲ್ಲಿರುವ ಭಾಷೆ’. ‘ಆಡಳಿತ ಭಾಷೆ’ ಅಲ್ಲ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಮಾತ್ರ ಅಲ್ಲಿ ಹೇಳಿಲ್ಲ. ಅಭಿವೃದ್ಧಿ ಯೋಜನೆಯು ಮನವಿಯಲ್ಲ, ನಿಜ. ಆದರೆ ಯೋಜನೆಯಲ್ಲಿ ಕೇಳಿದ್ದು ಬಾರದೆ ಹೋದಾಗ ಬರೆಯುವ ಪತ್ರ ಮನವಿಯೇ. ರಚನೆ ಸರಿಯಾಗಿದ್ದರೆ ಇಲ್ಲೊಂದು ಅನುಕೂಲವಿದೆ: ಪ್ರತಿ ಉತ್ತರಕ್ಕೂ ಕ್ರಮಸಂಖ್ಯೆ ಇರುವುದರಿಂದ ಕನ್ನಡದ ಪ್ರತಿಯನ್ನೂ ಇಂಗ್ಲಿಷ್ ಪ್ರತಿಯನ್ನೂ ಸಾಲಿಗೆ ಸಾಲು ಹೊಂದಿಸಿ ನೋಡಬಹುದು, ಅನುವಾದದಲ್ಲಿ ಒಂದು ಕೋಣೆ ಕಡಿಮೆಯಾದರೆ ಕೂಡಲೇ ಸಿಕ್ಕಿಬೀಳುತ್ತದೆ. ಎರಡೂ ಪ್ರತಿಗಳನ್ನು ಒಟ್ಟಿಗೆ ಪಿನ್ ಮಾಡಿ ಸಲ್ಲಿಸಿ, ಶಾಲೆಯಲ್ಲಿ ಉಳಿಯುವ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಳ್ಳುವುದು ಲೇಸು.