ಪ್ರವಾಸದ ಚೀಲಕ್ಕೆ ಯಾವ ಲೆನ್ಸ್?

ಕ್ರಿಸ್‌ಮಸ್ ರಜೆ ಸಮೀಪಿಸುತ್ತಿದ್ದಂತೆ ಕಾಸರಗೋಡಿನ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ರೈಲು ಹತ್ತಿ ದಕ್ಷಿಣಕ್ಕೆ ಹೊರಟವರಿಗೆ ಕೊಚ್ಚಿಯ ಹೊರವಲಯದ ವಂಡರ್‌ಲಾ ಇದೆ. 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭವಾದ ಉದ್ಯಾನವದು. ಘಟ್ಟ ಹತ್ತಿ ಬೆಂಗಳೂರಿನ ಕಡೆಗೆ ಹೋದವರಿಗೆ ಬಿಡದಿಯ ಬಳಿ 2005ರಲ್ಲಿ ತೆರೆದ ಅದೇ ಹೆಸರಿನ ಇನ್ನೊಂದು ಉದ್ಯಾನವಿದೆ. ಮಕ್ಕಳು ಏರಬೇಕಾದ ಆಟಗಳ ಪಟ್ಟಿ ಮಾಡುತ್ತಿರುವಾಗ ಹಿರಿಯರಲ್ಲಿ ಬೇರೊಂದು ಚರ್ಚೆ ನಡೆಯುತ್ತದೆ. ಮೊಬೈಲ್ ಸಾಕೆಂದು ಒಬ್ಬರು ಹೇಳುತ್ತಾರೆ. ಗಲ್ಫಿನಿಂದ ಮಾವ ತಂದುಕೊಟ್ಟ ಕ್ಯಾಮೆರಾ ಕಪಾಟಿನಲ್ಲಿ ಸುಮ್ಮನೆ ಕುಳಿತಿದೆ, ಅದನ್ನೇ ಒಯ್ಯೋಣವೆಂದು ಇನ್ನೊಬ್ಬರು ಹೇಳುತ್ತಾರೆ. ಕ್ಯಾಮೆರಾ ಒಯ್ಯುವುದೆಂದು ತೀರ್ಮಾನವಾದರೆ ಮುಂದಿನ ಪ್ರಶ್ನೆ ಲೆನ್ಸಿನದು. ಇರುವುದೇ ಸಾಕೇ, ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯದೊಂದನ್ನು ಕೊಳ್ಳಬೇಕೇ?

ಅಂಗಡಿಯವನು ಲೆನ್ಸ್ ಎನ್ನುವುದೂ ಹತ್ತನೆಯ ತರಗತಿಯ ಪುಸ್ತಕ ಮಸೂರ ಎನ್ನುವುದೂ ಒಂದನ್ನೇ. ಲೆನ್ಸಿನ ಕೊರಳಿನ ಮೇಲೆ ‘18-55 ಮಿ.ಮೀ.’ ಎಂದು ಬರೆದಿರುವುದು ಅದರ ಸಂಗಮದೂರ. ಕೆಲವು ಪುಸ್ತಕಗಳು ಇದನ್ನು ನಾಭಿದೂರವೆನ್ನುತ್ತವೆ. ಸಂಗಮದೂರ ಕಡಿಮೆಯಾದಷ್ಟೂ ಕಾಣುವ ನೋಟ ಅಗಲ, ಹೆಚ್ಚಾದಷ್ಟೂ ನೋಟ ಕಿರಿದು, ಬಿಂಬ ದೊಡ್ಡದು. ಅದರ ಪಕ್ಕದಲ್ಲೇ ‘3.5-5.6’ ಎಂಬಂಥ ಇನ್ನೊಂದು ಜೋಡಿ ಸಂಖ್ಯೆಯಿರುತ್ತದೆ. ಇದು ಎಫ್ ಸಂಖ್ಯೆ: ಲೆನ್ಸಿನ ಬಾಯಿ ಎಷ್ಟು ಅಗಲವಾಗಿ ತೆರೆಯಬಲ್ಲದು, ಎಷ್ಟು ಬೆಳಕನ್ನು ಒಳಗೆ ಬಿಡಬಲ್ಲದು ಎಂಬುದರ ಅಳತೆ. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಈ ಎರಡು ಅಳತೆಗಳನ್ನು ತಿಳಿದ ಮಗು ಅಂಗಡಿಯ ಮುಂದೆ ತಂದೆತಾಯಿಯರಿಗೆ ಸಲಹೆ ಕೊಡಬಲ್ಲದು.

ಮನೋರಂಜನಾ ಉದ್ಯಾನದಲ್ಲಿ ಕ್ಯಾಮೆರಾದ ಮುಂದೆ ಬರುವ ಕೆಲಸ ಮೂರು ಬಗೆಯದು. ಮೊದಲನೆಯದು ಹತ್ತಿರದ ಚಿತ್ರ: ಸರತಿ ಸಾಲಿನಲ್ಲಿ ನಿಂತ ಮಕ್ಕಳು, ಊಟದ ಮೇಜು, ಪ್ರವೇಶದ್ವಾರದ ಮುಂದೆ ಇಡೀ ಕುಟುಂಬ. ಎರಡನೆಯದು ದೂರದ ಚಿತ್ರ: ಎತ್ತರದ ಆಟದಲ್ಲಿ ಕುಳಿತು ಕಿರುಚುವ ಮಗ, ಅಲೆಗಳ ಕೊಳದಲ್ಲಿರುವ ಮಗಳು. ಮೂರನೆಯದು ಕತ್ತಲೆಯ ಚಿತ್ರ: ಒಳಾಂಗಣದ ಪ್ರದರ್ಶನ, ಮುಸ್ಸಂಜೆಯ ದೀಪ, ಸಂಗೀತ ಕಾರಂಜಿ. ಒಂದೇ ಲೆನ್ಸ್ ಈ ಮೂರನ್ನೂ ಸಮನಾಗಿ ಮಾಡಲಾರದು. ಆದುದರಿಂದ ಆಯ್ಕೆಯೆಂದರೆ ಯಾವುದನ್ನು ಬಿಟ್ಟುಕೊಡಬಹುದೆಂದು ನಿರ್ಧರಿಸುವುದು.

ಹತ್ತಿರದ ಕೆಲಸಕ್ಕೆ ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸ್ ಧಾರಾಳ ಸಾಕು. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳೊಳಗೆ ಬಿಂಬ ಬೀಳುವ ಸೆನ್ಸರಿನ ಅಗಲ ಸುಮಾರು 24 ಮಿ.ಮೀ., ಎತ್ತರ ಸುಮಾರು 16 ಮಿ.ಮೀ. 18 ಮಿ.ಮೀ.ಗೆ ತಿರುಗಿಸಿ ಎರಡು ಮೀಟರ್ ದೂರದಲ್ಲಿ ನಿಂತರೆ ಎರಡೂವರೆ ಮೀಟರಿಗಿಂತ ಹೆಚ್ಚು ಅಗಲದ ಜಾಗ ಚಿತ್ರದೊಳಗೆ ಬರುತ್ತದೆ. ಅಜ್ಜ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಹಿಡಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅಷ್ಟು ಅಗಲದ ನೋಟದಲ್ಲಿ ಮುಖದ ತೀರ ಹತ್ತಿರ ಹೋದರೆ ಮೂಗು ಹಿಗ್ಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಒಬ್ಬರದೇ ಮುಖ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿದು, ಲೆನ್ಸನ್ನು 50ರ ಕಡೆಗೆ ತಿರುಗಿಸುವುದು ಒಳಿತು.

ದೂರದ ಕೆಲಸದ ಲೆಕ್ಕವನ್ನು ಮಕ್ಕಳೇ ಮಾಡಬಹುದು. ವಸ್ತುವಿನ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ವಸ್ತು ಇರುವ ದೂರದಿಂದ ಭಾಗಿಸಿದರೆ ಬಿಂಬದ ಎತ್ತರ ಸಿಗುತ್ತದೆ. 120 ಸೆ.ಮೀ. ಎತ್ತರದ ಹುಡುಗಿ 30 ಮೀಟರ್ ದೂರದಲ್ಲಿದ್ದಾಳೆಂದುಕೊಳ್ಳೋಣ. 50 ಮಿ.ಮೀ. ಲೆನ್ಸಿನಲ್ಲಿ ಅವಳ ಬಿಂಬ 2 ಮಿ.ಮೀ., ಅಂದರೆ ಚಿತ್ರದ ಎತ್ತರದ ಎಂಟನೆಯ ಒಂದು ಪಾಲು. 200 ಮಿ.ಮೀ. ಲೆನ್ಸಿನಲ್ಲಿ 8 ಮಿ.ಮೀ., ಅಂದರೆ ಅರ್ಧ ಚಿತ್ರ. ಉದ್ದನೆಯ ಲೆನ್ಸಿನ ಆಕರ್ಷಣೆ ಇದೇ. ಆದರೆ ಅದೇ 200 ಮಿ.ಮೀ. ಲೆನ್ಸ್ ಹಿಡಿದು ನಾಲ್ಕು ಮೀಟರ್ ದೂರದಲ್ಲಿ ನಿಂತರೆ ಬಿಂಬ 60 ಮಿ.ಮೀ. ಆಗಬೇಕಾಗುತ್ತದೆ, 16 ಮಿ.ಮೀ. ಎತ್ತರದ ಸೆನ್ಸರಿನಲ್ಲಿ ಅವಳ ಮುಖ ಮತ್ತು ಭುಜ ಮಾತ್ರ ಉಳಿಯುತ್ತವೆ. ದಿನದ ಬಹುಪಾಲು ಹೊತ್ತು ಮಕ್ಕಳು ಇರುವುದು ಈ ನಾಲ್ಕು ಮೀಟರಿನೊಳಗೇ ಹೊರತು ಮೂವತ್ತು ಮೀಟರಿನ ಆಚೆಗಲ್ಲ.

ದೂರದ ಚಿತ್ರಕ್ಕೆ ವೇಗದ ತೊಡಕೂ ಇದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ರೋಲರ್ ಕೋಸ್ಟರ್ ಸೆಕೆಂಡಿನ 60ನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಸುಮಾರು 28 ಸೆ.ಮೀ. ಮುಂದೆ ಸರಿದಿರುತ್ತದೆ. ಷಟರ್ ಅಷ್ಟು ಹೊತ್ತು ತೆರೆದಿದ್ದರೆ ಮುಖಗಳೆಲ್ಲ ಗೆರೆಗಳಾಗುತ್ತವೆ. ಷಟರನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು ಎರಡು ಸೆ.ಮೀ.ಗಿಂತ ಕಡಿಮೆ. ನಡುಹಗಲಿನ ಬಿಸಿಲಿನಲ್ಲಿ ಇದು ಸುಲಭ. ಮೋಡ ಕವಿದ ಓಣಂ ರಜೆಯಲ್ಲಿ ಅಥವಾ ಸಂಜೆ ಐದರ ಬಳಿಕ ಅಗ್ಗದ ಉದ್ದನೆಯ ಲೆನ್ಸ್‌ಗಳಿಗೆ ಸಾಕಷ್ಟು ಬೆಳಕು ಸಿಗದು. ಹಗಲಿನಲ್ಲಿ, ಬಂಡಿ ತಿರುವಿನ ತುದಿಯಲ್ಲಿ ನಿಧಾನಿಸುವ ಜಾಗವನ್ನು ಮೊದಲೇ ಗುರುತಿಸಿ ಕಾದರೆ 55 ಮಿ.ಮೀ. ಲೆನ್ಸಿನಲ್ಲೂ ನೆನಪಿಡುವಂಥ ಚಿತ್ರ ಸಿಗುತ್ತದೆ.

ಮೂರನೆಯದು ಬೆಳಕಿನ ಪ್ರಶ್ನೆ. ಛಾಯಾಗ್ರಹಣದ ಆರಂಭದ ದಿನಗಳಲ್ಲಿ ಚಿತ್ರಕ್ಕೆ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾಗಿತ್ತು. 1840ರಲ್ಲಿ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕಹಾಕಿ ರೂಪಿಸಿದ, ಸುಮಾರು ಎಫ್ 3.6ರ ಲೆನ್ಸ್ ಈ ಕಾಯುವಿಕೆಯನ್ನು ಬಹಳಷ್ಟು ಇಳಿಸಿತು. ಇಂದಿನ 18-55 ಲೆನ್ಸ್ ತನ್ನ ಅಗಲದ ತುದಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಾಯಿ ತೆರೆಯುತ್ತದೆ, 55ರ ತುದಿಯಲ್ಲಿ 5.6ಕ್ಕೆ ಕಿರಿದಾಗುತ್ತದೆ. ಝೂಮ್ ಇಲ್ಲದ, ಎಫ್ 1.8ರ ಪುಟ್ಟ ಲೆನ್ಸೊಂದು ಇದಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಮುಸ್ಸಂಜೆಯ ದೀಪದಲ್ಲಿ ಮಗುವಿನ ಮುಖ ಸ್ಪಷ್ಟವಾಗಿ ಮೂಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. 50 ಮಿ.ಮೀ. ಮತ್ತು 35 ಮಿ.ಮೀ. ಎಂಬ ಎರಡು ಅಳತೆಗಳಲ್ಲಿ ಇದು ಸಾಮಾನ್ಯವಾಗಿ ದೊರೆಯುತ್ತದೆ. ಎರಡು ಮೀಟರ್ ಅಗಲದ ಗುಂಪನ್ನು ಹಿಡಿಯಲು 50ಕ್ಕೆ ನಾಲ್ಕು ಮೀಟರಿಗಿಂತ ಹೆಚ್ಚು ಹಿಂದೆ ಸರಿಯಬೇಕು, 35ಕ್ಕೆ ಮೂರು ಮೀಟರ್ ಸಾಕು. ಜನಜಂಗುಳಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದ ಕಾರಣ 35ನ್ನೇ ಆಯ್ದುಕೊಳ್ಳುವುದು ಜಾಣತನ.

ಇಷ್ಟು ಓದಿದವರಿಗೆ ಮೂರು ಕೆಲಸಕ್ಕೆ ಮೂರು ಲೆನ್ಸ್ ಒಯ್ದರಾಯಿತಲ್ಲ ಎನಿಸುವುದು ಸಹಜ. ಆದರೆ ಲೆನ್ಸಿಗೆ ಅಂಗಡಿಯ ಬೆಲೆಯ ಹೊರತಾಗಿ ಇನ್ನೊಂದು ಬೆಲೆಯೂ ಇದೆ. ವೇಗದ ಆಟಗಳಿಗೆ ಸಡಿಲ ವಸ್ತುಗಳನ್ನು ಒಯ್ಯಲು ಬಿಡುವುದಿಲ್ಲ. ನೀರಿನ ಆಟಗಳಿಗೆ ಕ್ಯಾಮೆರಾ ಒಯ್ಯುವಂತೆಯೇ ಇಲ್ಲ. ಹಾಗಾದರೆ ಮಕ್ಕಳು ಮೇಲೇರಿದಾಗ ಚೀಲ ಕಾಯುವವರು ಯಾರು? ಬಾಡಿಗೆಯ ಲಾಕರ್ ಇರುತ್ತದೆ ನಿಜ. ಸಣ್ಣ ಕ್ಯಾಮೆರಾವನ್ನು ಅದರಲ್ಲಿ ನಿಶ್ಚಿಂತೆಯಿಂದ ಇಟ್ಟುಹೋಗುವ ಕುಟುಂಬವೇ ಮೂರು ಲೆನ್ಸಿನ ದುಬಾರಿ ಚೀಲವನ್ನು ಅಲ್ಲಿಡಲು ಹಿಂಜರಿಯುತ್ತದೆ. ಕೊನೆಗೆ ಒಬ್ಬರು ಬೆಂಚಿನ ಮೇಲೆ ಉಳಿಯುತ್ತಾರೆ. ಆ ಒಬ್ಬರು ಹೆಚ್ಚಿನ ಮನೆಗಳಲ್ಲಿ ತಾಯಿ, ಅವಳಲ್ಲದಿದ್ದರೆ ಅಜ್ಜಿ. ಎಲ್ಲರಷ್ಟೇ ಹಣ ತೆತ್ತು ಒಳಗೆ ಬಂದವಳು ಬುತ್ತಿ, ಒದ್ದೆಬಟ್ಟೆ, ಕ್ಯಾಮೆರಾ ಚೀಲಗಳ ನಡುವೆ ದಿನ ಕಳೆಯುತ್ತಾಳೆ. ವರ್ಷಗಳ ಬಳಿಕ ಮಕ್ಕಳು ಚಿತ್ರಗಳನ್ನು ತೆರೆದಾಗ ಅಮ್ಮ ಬಂದಿದ್ದಳೋ ಇಲ್ಲವೋ ಎಂಬುದಕ್ಕೂ ಸಾಕ್ಷಿ ಇರುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ತಂದೆ ಬೆಳಗಿನಿಂದ ಸಂಜೆಯವರೆಗೂ ಲೆನ್ಸಿನ ಹಿಂದೆಯೇ ಇರುತ್ತಾನೆ. ಮಗಳು ಮೊದಲ ಸಲ ಅಷ್ಟು ಎತ್ತರ ಏರುವಾಗ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರುವ ಅವಕಾಶವನ್ನು ಒಂದು ಚಿತ್ರಕ್ಕಾಗಿ ಬಿಟ್ಟುಕೊಡುತ್ತಾನೆ.

ಲೆನ್ಸ್ ಆರಿಸುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದರಿಂದ ಸ್ಪಷ್ಟವಾಗುತ್ತದೆ: ಇದನ್ನು ಒಯ್ದರೆ ಯಾರು ಆಟದಿಂದ ಹೊರಗುಳಿಯಬೇಕು? ಯಾರನ್ನೂ ಹೊರಗಿಡದ ಲೆನ್ಸೇ ಪ್ರವಾಸಕ್ಕೆ ತಕ್ಕ ಲೆನ್ಸ್. ಮನೆಯಲ್ಲಿ 18-55 ಇದ್ದರೆ ಅದೊಂದನ್ನೇ ಒಯ್ಯಬಹುದು. ಅದರ ತೂಕ ಸುಮಾರು 200 ಗ್ರಾಂ. ದೂರದ ಚಿತ್ರವೂ ಬೇಕೆಂಬವರಿಗೆ 18-135ರಂಥ ಒಂದೇ ಲೆನ್ಸ್ ಸಾಕು. ತೂಕ ಸುಮಾರು ಅರ್ಧ ಕಿಲೋ, ದಿನವಿಡೀ ಬಿಚ್ಚಿ ಬದಲಿಸುವ ಗೊಡವೆಯಿಲ್ಲ. ನೀರಿನ ತುಂತುರು ಮತ್ತು ಧೂಳಿನ ನಡುವೆ ಲೆನ್ಸ್ ಬಿಚ್ಚುವುದು ಸೆನ್ಸರಿಗೆ ಅಪಾಯಕಾರಿಯೂ ಹೌದು. ಹಣ ಕೂಡಿಸಿ ಹೊಸದೊಂದನ್ನು ಕೊಳ್ಳುವ ಮನಸ್ಸಿದ್ದರೆ ಉದ್ದನೆಯದರ ಬದಲು ಎಫ್ 1.8ರ ಪುಟ್ಟ ಲೆನ್ಸ್ ಮೇಲು. ಪ್ರವಾಸ ಮುಗಿದ ಮೇಲೂ ಮನೆಯ ಹುಟ್ಟುಹಬ್ಬಕ್ಕೆ, ಶಾಲಾ ವಾರ್ಷಿಕೋತ್ಸವದ ವೇದಿಕೆಗೆ, ರಾತ್ರಿಯ ಯಕ್ಷಗಾನಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಹೊಸ ಲೆನ್ಸಿಗಾಗಿ ಸಾಲ ಮಾಡುವ ಅಗತ್ಯ ಮಾತ್ರ ಯಾವ ಕುಟುಂಬಕ್ಕೂ ಇಲ್ಲ.

ಮೊಬೈಲ್ ಮಾತ್ರ ಇರುವವರು ಕೊರಗಬೇಕಾಗಿಲ್ಲ. ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ. ಮುಂದೆ ಡಿಸ್ನಿ ಉದ್ಯಾನಗಳಲ್ಲಿ ಕೊಡಾಕ್ ಕಂಪನಿಯ ಹೆಸರು ಹೊತ್ತ ಫಲಕಗಳು ಕಾಣಿಸಿಕೊಂಡವು; ಒಳ್ಳೆಯ ಚಿತ್ರಕ್ಕೆ ಎಲ್ಲಿ ನಿಲ್ಲಬೇಕೆಂದು ಅವು ತೋರಿಸುತ್ತಿದ್ದವು. ಆ ಕಾಲದ ಸಾಧಾರಣ ಕ್ಯಾಮೆರಾಗಳಲ್ಲಿ ಲೆನ್ಸ್ ಬದಲಾಯಿಸುವ ಅನುಕೂಲವಿರಲಿಲ್ಲ. ನಿಲ್ಲುವ ಜಾಗವನ್ನು ಬದಲಾಯಿಸಬಹುದಾಗಿತ್ತು, ಅಷ್ಟೆ. ಮೊಬೈಲಿಗೂ ಅದೇ ನೀತಿ ಒಪ್ಪುತ್ತದೆ. ಬೆರಳಿನಿಂದ ತೆರೆಯನ್ನು ಹಿಗ್ಗಿಸುವ ಮೊದಲು ನಾಲ್ಕು ಹೆಜ್ಜೆ ಮುಂದೆ ನಡೆಯಬೇಕು. ಎರಡು ಮೂರು ಲೆನ್ಸ್ ಇರುವ ಮೊಬೈಲುಗಳಲ್ಲಿ ಕತ್ತಲೆಗೆ ಸಾಮಾನ್ಯವಾಗಿ ಹೊಂದುವುದು ‘1 ಎಕ್ಸ್’ ಎಂದು ಗುರುತಿಸಿದ ಮುಖ್ಯ ಲೆನ್ಸ್. ಬೆವರು, ಎಣ್ಣೆ ಮೆತ್ತಿದ ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಂಡರೆ ಅರ್ಧದಷ್ಟು ಮಸುಕು ಅಲ್ಲಿಗೇ ತೀರುತ್ತದೆ. ‘ಐಪಿ 67’ ಎಂಬ ಗುರುತಿರುವ ಮೊಬೈಲು ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷದ ಪರೀಕ್ಷೆಗೆ ಒಳಗಾದದ್ದು. ಆ ಪರೀಕ್ಷೆ ಶುದ್ಧ ನೀರಿನಲ್ಲಿ ನಡೆಯುವಂಥದು. ಕ್ಲೋರಿನ್ ಬೆರೆತ ಕೊಳದ ಭರವಸೆ ಅದರಲ್ಲಿಲ್ಲ.

ಕರಾವಳಿಯ ಹವೆಗೆ ತಕ್ಕ ಎಚ್ಚರಿಕೆಯೊಂದುಂಟು. ಹವಾನಿಯಂತ್ರಿತ ಸಭಾಂಗಣದಿಂದ ಹೊರಬಂದೊಡನೆ ತಣ್ಣಗಿನ ಗಾಜಿನ ಮೇಲೆ ಆವಿ ಕೂರುತ್ತದೆ. ಗಾಬರಿಯಿಂದ ಉಜ್ಜಬಾರದು. ಚೀಲ ಮುಚ್ಚಿಯೇ ಹತ್ತು ಹದಿನೈದು ನಿಮಿಷ ಬಿಟ್ಟರೆ ಲೆನ್ಸ್ ಹೊರಗಿನ ಬಿಸಿಗೆ ಹೊಂದಿಕೊಂಡು ಆವಿ ಕೂರದು. ಇನ್ನೊಂದು ಎಚ್ಚರಿಕೆ ಸಭ್ಯತೆಗೆ ಸೇರಿದ್ದು. ನೀರಾಟದ ಜಾಗದಲ್ಲಿ ಬೇರೆ ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ಇರುತ್ತಾರೆ. ಉದ್ದನೆಯ ಲೆನ್ಸ್ ಅತ್ತ ತಿರುಗಿದರೆ ಅವರಿಗೆ ಕಸಿವಿಸಿಯಾಗುತ್ತದೆ, ಹಿಡಿದವರ ಮನಸ್ಸು ಎಷ್ಟೇ ನಿರ್ಮಲವಾಗಿರಲಿ. ಅಲ್ಲಿ ಕ್ಯಾಮೆರಾ ಚೀಲದಲ್ಲಿರುವುದೇ ಲೇಸು.

ಹೊರಡುವ ಹಿಂದಿನ ಸಂಜೆ ಮನೆಯಂಗಳದಲ್ಲಿ ಅರ್ಧ ಗಂಟೆಯ ತಾಲೀಮು ನಡೆಸಿದರೆ ಬಹಳ ಲಾಭವಿದೆ. ಚಿಕ್ಕವರಲ್ಲೊಬ್ಬರನ್ನು ಗೇಟಿನ ಬಳಿ ನಿಲ್ಲಿಸಿ 18ರಲ್ಲೊಂದು, 55ರಲ್ಲೊಂದು ಚಿತ್ರ ತೆಗೆದು ಹೋಲಿಸಬೇಕು. ಅವರನ್ನು ಓಡಿಸಿ ಷಟರಿನ ವೇಗ ಪರೀಕ್ಷಿಸಬೇಕು. ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ಇನ್ನೊಂದು ಸಲ ತೆಗೆದು ನೋಡಬೇಕು. ಈ ತಾಲೀಮಿನಲ್ಲಿ ಮನೆಯ ಎಲ್ಲರೂ ಒಮ್ಮೆಯಾದರೂ ಕ್ಯಾಮೆರಾ ಹಿಡಿಯಲಿ. ಹತ್ತನೆಯ ತರಗತಿಯ ಅಕ್ಕನಿಗೆ ಬೆಳಗಿನ ಎರಡು ಗಂಟೆ, ಅಪ್ಪನಿಗೆ ಊಟದ ಬಳಿಕ, ಅಮ್ಮನಿಗೆ ಸಂಜೆ ಎಂದು ಸರದಿಯನ್ನು ಅಂದೇ ಗೊತ್ತುಮಾಡಿಕೊಂಡರೆ, ಮರುದಿನದ ಚಿತ್ರಗಳಲ್ಲಿ ಎಲ್ಲರೂ ಇರುತ್ತಾರೆ.